ಪತಂಗದ ಲೇಖನ ಚಿಕ್ಕದು ಮಾಡಿ, ಮತ್ತೆ ಕಳಿಸಿ

ನಮಸ್ಕಾರ,

ರೇಷ್ಮೆ ಪತಂಗ ವಾಸನೆ ಹಿಡಿಯುವ ಬಗೆಯ ಮೇಲೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ, ತುಂಬಾ ಚೆನ್ನಾಗಿದೆ.

ಮೊದಲು ಒಂದು ತಪ್ಪು. ಗಂಡು ಪತಂಗ ಮೈಲಿಗಟ್ಟಲೆ ಹಾರಿ ಬರುತ್ತದೆ ಅಂತ ಬರೆದಿದ್ದೀರಿ. ಸಾಕಿದ ರೇಷ್ಮೆ ಪತಂಗ ಹಾರುವುದೇ ಇಲ್ಲ. ರಾಮನಗರದ ಕಡೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವರು ಈ ಸಾಲು ಕಂಡರೆ ಮುಂದೆ ಓದುವುದಿಲ್ಲ. ಹೆಣ್ಣಿನ ವಾಸನೆ ತಗುಲಿದ ಕೂಡಲೇ ಗಂಡು ರೆಕ್ಕೆ ಪಟಪಟ ಬಡಿಯುತ್ತಾ, ಸುತ್ತುತ್ತಾ, ನಡೆದೇ ಹೋಗುತ್ತದೆ. ಆ ಬಡಿತ ಸುಮ್ನೆ ಅಲ್ಲ. ಅದು ಮುಂದಿನ ಗಾಳಿಯನ್ನು ವಾಸನೆ ಹಿಡಿಯುವ ಮೀಸೆಯ (ಆಂಟೆನಾ) ಕಡೆ ಎಳೆದುಕೊಳ್ಳುತ್ತದೆ. ಇದನ್ನು ಬರೆಯಿರಿ.

ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ, ಗಂಡನ್ನು ಸೆಳೆಯುವ ವಾಸನೆಯ ವಸ್ತುವಾದ ಬಾಂಬಿಕಾಲ್ ಬೇರ್ಪಡಿಸಿ 1959ರಲ್ಲಿ ಪ್ರಕಟಿಸಿದ ಕಥೆಗೆ ಎರಡು ಪುಟ ಜಾಸ್ತಿ ಆಯಿತು. ಎರಡು ಸಾಲು ಸಾಕು.

ಮೂರನೇ ಪುಟದಲ್ಲಿ ಒಂಬತ್ತು ಪ್ರೋಟೀನ್‌ಗಳ ಹೆಸರಿದೆ, ಒಂದರ ಕೆಲಸವೂ ಇಲ್ಲ. ಮೂರನ್ನು ಮಾತ್ರ ಉಳಿಸಿಕೊಳ್ಳಿ. ಬಾಂಬಿಕಾಲ್‌ನ ಒಂದೇ ಒಂದು ಅಣುವಿನ ಹಿಂದೆ ಹೋಗಿ. ಅದು ಎಣ್ಣೆಯಂಥದ್ದು, ನೀರಿಗೆ ಸೇರುವುದಿಲ್ಲ. ಮೀಸೆಯ ಕೂದಲೊಳಗೆ ಇರುವುದೋ ನೀರಿನಂಥ ದ್ರವ. ಫೆರೋಮೋನ್ (ಬಾಂಬಿಕಾಲ್‌ನಂಥ ವಾಸನೆಯ ಸಂಕೇತ) ಹೊರುವ ಪ್ರೋಟೀನ್ ಒಂದು, ಅಣುವನ್ನು ತನ್ನೊಳಗಿನ ಪೊಟರೆಯಲ್ಲಿ ಕೂರಿಸಿಕೊಂಡು ದಾಟಿಸುತ್ತದೆ. ಆಚೆ ನರಕೋಶದ ಮೇಲೆ ಬಿಎಂಒಆರ್1 ಎಂಬ ಗ್ರಾಹಕ, ಅಂದರೆ ಅಣುವನ್ನು ಗುರುತಿಸುವ ಪ್ರೋಟೀನ್, ಮತ್ತು ಅದರ ಜೊತೆಗಾರ ಪ್ರೋಟೀನ್ ಓರ್ಕೋ ಸೇರಿ ಒಂದು ಬಾಗಿಲಾಗಿರುತ್ತವೆ. ಅಣು ತಗುಲಿದರೆ ಬಾಗಿಲು ತೆರೆಯುತ್ತದೆ, ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಒಳನುಗ್ಗುತ್ತವೆ, ಮೆದುಳಿಗೆ ಸುದ್ದಿ ಮುಟ್ಟುತ್ತದೆ. ನಿಮ್ಮ ಓದುಗರು ಬೆರಗಾಗುವುದು ಇಲ್ಲೇ ಅಲ್ವಾ? ಅವಸರ ಮಾಡಬೇಡಿ.

'ಜೀನ್ ವಾಸನೆ ಹಿಡಿಯುತ್ತದೆ' ಅನ್ನುವುದನ್ನು ಎಲ್ಲ ಕಡೆ ತೆಗೆಯಿರಿ. ಹಿಡಿಯುವುದು ಪ್ರೋಟೀನ್. ಆ ಪ್ರೋಟೀನ್ ಹೇಗಿರಬೇಕು ಅನ್ನುವುದು ಜೀನ್‌ನಲ್ಲಿದೆ. ಜೀನ್ ಬದಲಾದರೆ ಏನಾಗುತ್ತದೆ ಅಂತ ತೋರಿಸುವ ಪ್ರಯೋಗ ನಿಮ್ಮ ಕೈಯಲ್ಲೇ ಇದೆ. ಅದನ್ನು ಕೊನೆಯಲ್ಲಿ ಒಂದು ಸಾಲಿಗೆ ಮುಗಿಸಿಬಿಟ್ಟಿದ್ದೀರಿ! ಎಲೆಕೋಸಿಗೆ ಕಾಟ ಕೊಡುವ ಡೈಮಂಡ್‌ಬ್ಯಾಕ್ ಪತಂಗದ ಗ್ರಾಹಕ ಜೀನನ್ನು ಜಪಾನಿನ ವಿಜ್ಞಾನಿಗಳು ಗಂಡು ರೇಷ್ಮೆ ಪತಂಗದ ಬಾಂಬಿಕಾಲ್ ನರಕೋಶಗಳಿಗೆ ಸೇರಿಸಿದರು. 2011ರಲ್ಲಿ ಅದು ಪ್ರಕಟವಾಯಿತು. ಆ ಗಂಡುಗಳು ಬೇರೆ ಜಾತಿಯ ಡೈಮಂಡ್‌ಬ್ಯಾಕ್ ಹೆಣ್ಣಿಗೂ ರೆಕ್ಕೆ ಬಡಿದವು. ಮೆದುಳನ್ನು ಯಾರೂ ಮುಟ್ಟಿರಲಿಲ್ಲ.

ಲೇಖನ ಇಲ್ಲಿಂದ ಶುರುವಾಗಲಿ. ಆಮೇಲೆ ಅಣುವಿನ ದಾರಿ ಹೇಳಿ. 800 ಪದ ದಾಟಬೇಡಿ. ಬಂದ ಕೂಡಲೇ ನಾನೇ ಓದುತ್ತೇನೆ.