ಕೋಟೆಯ ಫೋಟೊ, ಅಕ್ಕನ ಕೈ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ತಾಯಿ ತೀರಿಕೊಂಡ ಮೇಲೆ ಹಳೇ ಪೇಟೆಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರಿಗೆ ಒಂದಷ್ಟು ಫೋಟೊ ಸಿಕ್ಕಿವೆ. ಒಂದರಲ್ಲಿ ಅವರೂ ಅವರ ಅಕ್ಕನೂ ಚಿತ್ರದುರ್ಗದ ಕೋಟೆಯಲ್ಲಿ ನಿಂತಿದ್ದಾರೆ. ಅಕ್ಕನ ಕೈ ಇವರ ಹೆಗಲ ಮೇಲಿದೆ. ಇವರ ಮುಖ ಗಂಟಿಕ್ಕಿದೆ. ಮನೆ ಪಾಲಿನ ವಿಷಯಕ್ಕೆ ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳಾಗಿವೆ. ‘ಅಕ್ಕ ನನ್ನನ್ನು ಚಿಕ್ಕಂದಿನಿಂದಲೂ ದೂರವೇ ಇಟ್ಟಿದ್ದಳು ಅನ್ನುವುದು ನನ್ನ ನೆನಪು. ಫೋಟೊ ನೋಡಿದರೆ ಬೇರೆಯೇ ಇದೆ. ಯಾವುದನ್ನು ನಂಬಲಿ?’ ಎಂದು ಕೇಳಿದ್ದಾರೆ. ಹಳೆಯ ಹಾಲ್ ಟಿಕೆಟ್ ಒಂದರಲ್ಲಿ ತಮ್ಮ ಇಪ್ಪತ್ತೆರಡರ ವಯಸ್ಸಿನ ಫೋಟೊ ಸಿಕ್ಕಿತಂತೆ. ‘ಆ ಹೆದರುಪುಕ್ಕಲಿಯನ್ನು ನೋಡಿದರೆ ಈಗಲೂ ಸಿಟ್ಟು ಬರುತ್ತದೆ’ ಎಂದಿದ್ದಾರೆ. ಕೊನೆಗೆ, ಗಾಜಿಗೆ ಅಂಟಿಕೊಂಡಿರುವ ತಂದೆ ತಾಯಿಯ ಮದುವೆ ಫೋಟೊವನ್ನು ಬಿಡಿಸುವುದು ಹೇಗೆ ಎಂಬ ಪ್ರಶ್ನೆಯೂ ಇದೆ.

ನಮಸ್ಕಾರ.

ಪತ್ರದ ಜೊತೆ ನೀವು ಕಳಿಸಿದ ಕೋಟೆಯ ಫೋಟೊದ ಪ್ರತಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಫೋಟೊವನ್ನು ನಂಬಬೇಕೋ, ನೆನಪನ್ನು ನಂಬಬೇಕೋ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡನ್ನೂ ಪೂರ್ತಿ ನಂಬಬೇಡಿ. ಮೊದಲು ಆ ಫೋಟೊ ಹೇಗೆ ತೆಗೆದದ್ದು ಅಂತ ನೋಡೋಣ.

ಫೋಟೊ ಚೌಕವಾಗಿದೆ. ಸುತ್ತ ಬಿಳಿ ಅಂಚಿದೆ. ಮಾವನ ಹತ್ತಿರ ಡಬ್ಬಿಯಂಥ ಕ್ಯಾಮೆರಾ ಇತ್ತು ಅಂತ ಬರೆದಿದ್ದೀರಿ. ಬಹುಶಃ ಅದು ಆಗ್ಫಾ ಕ್ಲಿಕ್ 3. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇದ್ದದ್ದು ಅದೇ. ಒಂದು ರೀಲಿಗೆ 12 ಚಿತ್ರ, ಹನ್ನೆರಡೂ ಚೌಕ. ಬಿಸಿಲೋ ಮೋಡವೋ ಅಂತ ಹೊಂದಿಸುವುದು ಬಿಟ್ಟರೆ ಅದರಲ್ಲಿ ತಿರುಗಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಒಳ್ಳೆ ಬಿಸಿಲಿದ್ದರೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಅದಕ್ಕೇ ಕ್ಯಾಮೆರಾ ಹಿಡಿದವರು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಎದುರಿಗೆ ನಿಂತವರು ಸೂರ್ಯನನ್ನೇ ನೋಡಬೇಕಾಗುತ್ತಿತ್ತು.

ನಿಮ್ಮ ಫೋಟೊದ ಕೆಳಗಡೆ ನೋಡಿ. ಬಂಡೆಯ ಮೇಲೆ ಒಂದು ತಲೆಯ ನೆರಳು ನಿಮ್ಮ ಕಾಲಿನ ತನಕ ಬಂದಿದೆ. ಅದು ನಿಮ್ಮ ಮಾವನ ನೆರಳು. ಅಷ್ಟು ಉದ್ದ ಬಿದ್ದಿದೆ ಅಂದರೆ ಹೊತ್ತು ಕೆಳಗಿತ್ತು, ಬಿಸಿಲು ನೇರ ಕಣ್ಣಿಗೇ ಬಡಿಯುತ್ತಿತ್ತು. ಒಂಬತ್ತು ವರ್ಷದ ಮಗು ಮುಖ ಗಂಟಿಕ್ಕದೆ ಇನ್ನೇನು ಮಾಡೀತು? ‘ಆವತ್ತೇ ನನಗೆ ಬೇಜಾರಾಗಿತ್ತು, ಮುಖದಲ್ಲೇ ಗೊತ್ತಾಗುತ್ತದೆ’ ಅಂತ ಬರೆದಿದ್ದೀರಿ. ಗೊತ್ತಾಗುವುದಿಲ್ಲ. ನನಗೆ ಅಲ್ಲಿ ಕಾಣುವುದು ಬಿಸಿಲು ಮಾತ್ರ.

ಹೆಗಲ ಮೇಲಿನ ಕೈಯ ಕಥೆಯೂ ಅಷ್ಟೇ. ‘ಹತ್ತಿರ ನಿಲ್ಲಿ. ಕೈ ಹಾಕೇ ತಂಗಿ ಮೇಲೆ’ ಅಂತ ಹೇಳದ ಮಾವಂದಿರು ಯಾವ ಮನೆಯಲ್ಲಿದ್ದರು? ರೀಲಿಗೆ ದುಡ್ಡು, ತೊಳೆಸುವುದಕ್ಕೆ ದುಡ್ಡು, ಪ್ರಿಂಟು ಹಾಕಿಸುವುದಕ್ಕೆ ಮತ್ತೆ ದುಡ್ಡು. ಹನ್ನೆರಡರಲ್ಲಿ ಒಂದು ಕೆಟ್ಟರೂ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಎಲ್ಲರನ್ನೂ ಹತ್ತಿರ ತಂದು ನಿಲ್ಲಿಸುತ್ತಿದ್ದರು. ಆ ಕೈ ಪ್ರೀತಿಯಿಂದ ಬಂದಿರಬಹುದು, ಮಾವ ಹೇಳಿದ್ದಕ್ಕೂ ಬಂದಿರಬಹುದು. ಫೋಟೊ ನೋಡಿ ತೀರ್ಮಾನ ಮಾಡುವುದಕ್ಕೆ ಆಗುವುದಿಲ್ಲ.

ಆ ಟ್ರಂಕಿನಲ್ಲಿ ಏನೇನು ಇಲ್ಲ ಅನ್ನುವುದನ್ನೂ ಯೋಚಿಸಿ. ನಿಮ್ಮ ತಂದೆ ಹತ್ತಿ ಗಿರಣಿಯಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಊರಿಗೆ ಊರೇ ಗಿರಣಿಯ ಪಾಳಿ ನೋಡಿಕೊಂಡು ಏಳುತ್ತಿತ್ತು, ಉಣ್ಣುತ್ತಿತ್ತು. ಆದರೆ ಗಿರಣಿಯ ಒಂದು ಫೋಟೊವೂ ನಿಮಗೆ ಸಿಕ್ಕಿಲ್ಲ. ತಂದೆ ಪಾಳಿ ಮುಗಿಸಿ ಹತ್ತಿಯ ಧೂಳು ಮೈಗೆ ಮೆತ್ತಿಕೊಂಡು ಬರುತ್ತಿದ್ದದ್ದು ನಿಮಗೆ ನೆನಪಿದೆ, ಫೋಟೊದಲ್ಲಿ ಇಲ್ಲ. ತಾಯಿ ಒಲೆಯ ಮುಂದೆ ಕೂತ ಫೋಟೊವೂ ಇಲ್ಲ. ಇರುವುದೆಲ್ಲ ಮದುವೆ, ನಾಮಕರಣ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಹಬ್ಬ, ದುರ್ಗದ ಪ್ರವಾಸ. ಅಂದರೆ ಹೊಸ ಬಟ್ಟೆ ಹಾಕಿದ ದಿನಗಳು. ಅಕ್ಕ ತಂಗಿ ಕಿತ್ತಾಡಿದ ದಿನವೂ ಅಲ್ಲಿಲ್ಲ, ಜ್ವರ ಬಂದಾಗ ಅಕ್ಕ ಪಕ್ಕದಲ್ಲಿ ಕೂತ ದಿನ ಇದ್ದಿದ್ದರೆ ಅದೂ ಇಲ್ಲ. ನಿಮ್ಮ ಬಾಲ್ಯದ ಮುಕ್ಕಾಲು ಭಾಗ ಕ್ಯಾಮೆರಾದ ಕಣ್ಣಿಗೆ ಬಿದ್ದೇ ಇಲ್ಲ.

ಹಾಗಾದರೆ ನೆನಪನ್ನೇ ನಂಬೋಣ ಅನ್ನುವುದಕ್ಕೂ ನನಗೆ ಧೈರ್ಯ ಇಲ್ಲ. 2002ರಲ್ಲಿ ಮನೋವಿಜ್ಞಾನಿಗಳಾದ ಕಿಂಬರ್ಲಿ ವೇಡ್, ಮೇರಿಯಾನ್ ಗ್ಯಾರಿ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. 20 ಜನರ ಚಿಕ್ಕಂದಿನ ಫೋಟೊಗಳನ್ನು ಅವರ ಮನೆಯವರಿಂದ ಪಡೆದರು. ಆ ಮುಖಗಳನ್ನು ಬಿಸಿಗಾಳಿ ಬಲೂನಿನಲ್ಲಿ ಹಾರುತ್ತಿರುವ ಚಿತ್ರಕ್ಕೆ ಸೇರಿಸಿದರು. ಅವರು ಯಾರೂ ನಿಜವಾಗಿ ಬಲೂನು ಹತ್ತಿದವರಲ್ಲ. ಆ ಫೋಟೊ ತೋರಿಸಿ ಮೂರು ಸಲ ಮಾತಾಡಿಸಿದ ಮೇಲೆ ಅರ್ಧದಷ್ಟು ಜನ ಅದನ್ನು ಪೂರ್ತಿಯಾಗಿಯೋ ಅಷ್ಟೋ ಇಷ್ಟೋ ‘ನೆನಪು’ ಮಾಡಿಕೊಂಡರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೇ ಅನ್ನಿಸಿತು. 2004ರ ಇನ್ನೊಂದು ಅಧ್ಯಯನದಲ್ಲಿ ಕೈಗೆ ಕೊಟ್ಟದ್ದು ಶಾಲೆಯ ನಿಜವಾದ ಗುಂಪು ಫೋಟೊ. ಅದನ್ನು ನೋಡುತ್ತಾ ಯೋಚಿಸಿದವರಲ್ಲಿ, ಎಂದೂ ನಡೆಯದ ಒಂದು ತುಂಟಾಟವನ್ನು ನೆನಪಿಸಿಕೊಂಡವರು ಫೋಟೊ ನೋಡದವರಿಗಿಂತ ಜಾಸ್ತಿ ಇದ್ದರು.

ಹಳೆಯ ಫೋಟೊ ಹಿಡಿದು ಕೂತಾಗ ನಾವು ಸುಮ್ನೆ ನೆನಪಿಸಿಕೊಳ್ಳುವುದಿಲ್ಲ, ಕಟ್ಟುತ್ತೇವೆ. ಕಟ್ಟುವಾಗ ಇವತ್ತಿನ ಮನಸ್ಸೂ ಅದರೊಳಗೆ ಸೇರುತ್ತದೆ. ಪಾಲಿನ ಜಗಳ ಆದ ಮೇಲೆ ನೀವು ಬಾಲ್ಯವನ್ನು ಎಷ್ಟು ಸಲ ತಿರುವಿ ನೋಡಿದ್ದೀರೋ ಅಷ್ಟು ಸಲವೂ ಆ ಜಗಳ ನಿಮ್ಮ ಪಕ್ಕದಲ್ಲೇ ಕೂತಿರುತ್ತದೆ. ಅಕ್ಕ ದೂರ ಇಟ್ಟಳು ಅನ್ನುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಐದು ವರ್ಷ ದೊಡ್ಡವಳಾದ ಅಕ್ಕನಿಗೆ ಬಾಲ ಹಿಡಿದು ಬರುವ ತಂಗಿ ಬೇಸರ ತರಿಸಿದ್ದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಆ ದಿನಕ್ಕೆ ಇನ್ನೊಬ್ಬ ಸಾಕ್ಷಿ ಇದ್ದಾರೆ. ಅವರು ಬದುಕಿದ್ದಾರೆ. ಅವರನ್ನು ಕೇಳದೆ ಟ್ರಂಕಿನ ಮುಂದೆ ಕೂತು ಎಷ್ಟು ದಿನ ಯೋಚಿಸಿದರೂ ನಿಮಗೆ ಸಿಗುವುದು ನಿಮ್ಮದೇ ಮಾತು.

ಕೇಳುವುದಕ್ಕೆ ಒಂದು ದಾರಿ ಆ ಫೋಟೊದಲ್ಲೇ ಇದೆ. ಕಾಲುಗಳನ್ನು ನೋಡಿ. ನಿಮ್ಮ ಕಾಲಲ್ಲಿ ಚಪ್ಪಲಿ ಇದೆ, ಹಿಮ್ಮಡಿಯ ಹಿಂದೆ ನಾಲ್ಕು ಬೆರಳು ಉಳಿಯುವಷ್ಟು ದೊಡ್ಡದು. ಅಕ್ಕ ಬರಿಗಾಲಲ್ಲಿ ಇದ್ದಾರೆ. ದುರ್ಗದ ಬಂಡೆಯ ಮೇಲೆ ಬರಿಗಾಲು! ಕೈ ಹಾಕು ಅಂತ ಮಾವ ಹೇಳಿರಬಹುದು. ಚಪ್ಪಲಿಯ ಬಗ್ಗೆ ಯಾರೂ ಹೇಳಿರಲಾರರು. ಅದು ಯಾರ ಚಪ್ಪಲಿ? ನಿಮ್ಮದು ಕಿತ್ತುಹೋಗಿತ್ತಾ? ಅಥವಾ ಅಕ್ಕ ಬಂಡೆ ಹತ್ತುವುದಕ್ಕೆ ಅಂತ ತಮ್ಮದನ್ನು ಆಚೆ ಬಿಟ್ಟು, ನೀವು ಅಮ್ಮನದನ್ನು ಮೆಟ್ಟಿಕೊಂಡಿದ್ದಿರಾ? ನಾನು ಕಥೆ ಕಟ್ಟುವುದಿಲ್ಲ. ಅಕ್ಕನಿಗೆ ಇದು ನೆನಪಿರಬಹುದು.

ಹಾಗಾಗಿ ಫೋಟೊ ಕಳಿಸಿ. ವಾಟ್ಸಾಪಿನಲ್ಲಿ ‘ನೋಡು, ಆಗ ಎಷ್ಟು ಚೆನ್ನಾಗಿದ್ವಿ’ ಅಂತ ಬರೆದು ಕಳಿಸಬೇಡಿ. ಮಾತು ಬಿಟ್ಟವರಿಗೆ ಅದು ಚುಚ್ಚಿದ ಹಾಗೆ ಕೇಳುತ್ತದೆ. ಸ್ಟುಡಿಯೋದಲ್ಲಿ ಒಂದು ಒಳ್ಳೆಯ ಪ್ರಿಂಟು ಹಾಕಿಸಿ, ಲಕೋಟೆಯಲ್ಲಿಟ್ಟು, ಎರಡೇ ಸಾಲು ಬರೆಯಿರಿ. ‘ಅಕ್ಕಾ, ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು. ನನ್ನ ಕಾಲಲ್ಲಿರೋ ಚಪ್ಪಲಿ ಯಾರದ್ದು, ನಿನಗೆ ನೆನಪಿದೆಯಾ?’ ಅಷ್ಟು ಸಾಕು. ಪಾಲಿನ ವಿಷಯವನ್ನು ಆ ಲಕೋಟೆಗೆ ಹಾಕಬೇಡಿ. ಅಲ್ಲಿ ನಿಮಗೆ ಅನ್ಯಾಯ ಆಗಿದ್ದರೆ ಅದು ಆಗಿದೆ. ಯಾವ ಫೋಟೊವೂ ಅದನ್ನು ಸರಿ ಮಾಡುವುದಿಲ್ಲ, ನೀವೂ ಅದಕ್ಕಾಗಿ ನಿಮ್ಮ ಹಕ್ಕು ಬಿಡಬೇಕಾಗಿಲ್ಲ. ಉತ್ತರ ಬರದೇ ಇರಬಹುದು. ಬಂದರೆ ಅದು ನಿಮಗೆ ಹಿತವಾದ ಉತ್ತರವೇ ಆಗಿರುತ್ತದೆ ಅಂತಲೂ ಇಲ್ಲ.

ಈಗ ಹಾಲ್ ಟಿಕೆಟ್ಟಿನ ಹುಡುಗಿ. ಇವಳ ಬಗ್ಗೆ ನಿಮ್ಮ ಮಾತನ್ನು ನಾನು ಸ್ವಲ್ಪವೂ ಒಪ್ಪುವುದಿಲ್ಲ.

ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡಿರಿ. ಕೆಲಸದ ಪರೀಕ್ಷೆ ಬರೆದಿರಿ. ಬೆಂಗಳೂರಿಗೆ ಆರ್ಡರ್ ಬಂತು. ಅಪ್ಪಾಜಿ ಬೇಡ ಅಂದರು, ನೀವು ಹೋಗಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಆ ಹುಡುಗಿಗೆ ನೀವು ಇಟ್ಟಿರುವ ಹೆಸರು ಹೆದರುಪುಕ್ಕಲಿ. ಆದರೆ ಆ ಫೋಟೊದ ಉಳಿದ ಪ್ರತಿಗಳ ಹಿಂದೆ ಸ್ಟುಡಿಯೋದ ಸೀಲಿದೆ ಅಂತ ನೀವೇ ಬರೆದಿದ್ದೀರಿ: ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’. ನಮ್ಮ ಊರು ಬೇರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಎಷ್ಟೋ ಮೊದಲು ಒಬ್ಬ ಹುಡುಗಿ ಒಬ್ಬಳೇ ಸ್ಟುಡಿಯೋಗೆ ಹೋಗಿ ಕುರ್ಚಿಯ ಮೇಲೆ ನೆಟ್ಟಗೆ ಕೂತಳು. ಪ್ರತಿ ಬಂದ ಮೇಲೆ ಗೆಜೆಟೆಡ್ ಅಧಿಕಾರಿಯ ಕಚೇರಿ ಹುಡುಕಿಕೊಂಡು ಹೋದಳು. ಆ ಗುಂಡು ಸೀಲಿನ ಅರ್ಧ ಈಗಲೂ ಅವಳ ಕೆನ್ನೆಯ ಮೇಲಿದೆ. ಇಷ್ಟನ್ನೂ ಮನೆಯಲ್ಲಿ ಹೇಳದೆ ಮಾಡಿದ್ದು ಅಂತ ನೀವು ಪತ್ರದ ಕೊನೆಯಲ್ಲಿ, ಬಹಳ ಸಣ್ಣ ಮಾತು ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡ ಮಾತು.

ಕೋಟೆಯ ಫೋಟೊದಲ್ಲಿ ನಿಮ್ಮನ್ನು ಯಾರೋ ನಿಲ್ಲಿಸಿದ್ದರು. ಇದರಲ್ಲಿ ನೀವಾಗಿಯೇ ಹೋಗಿ ಕೂತಿದ್ದೀರಿ. ಆ ವ್ಯತ್ಯಾಸ ದೊಡ್ಡದು. ಇಲ್ಲಿ ನಾನು ನಿಮ್ಮ ನೆನಪಿಗಿಂತ ಫೋಟೊವನ್ನೇ ಹೆಚ್ಚು ನಂಬುತ್ತೇನೆ. ಹಾಲ್ ಟಿಕೆಟ್ಟು, ಸೀಲು, ರುಜು ಎಲ್ಲ ಜೊತೆಗೇ ಇವೆಯಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಆ ಹುಡುಗಿಯ ಮೇಲೆ ಸಿಟ್ಟಾಗುವುದು ಸುಲಭ, ಅವಳು ತಿರುಗಿ ಮಾತಾಡುವುದಿಲ್ಲ. ಅಪ್ಪಾಜಿಯ ಮೇಲೆ ಸಿಟ್ಟಾಗುವುದು ಕಷ್ಟ, ಅವರ ಫೋಟೊಗೆ ಹಾರ ಬಿದ್ದಿದೆ. ಹಾರ ಹಾಕಿದ ಫೋಟೊದ ಮುಂದೆ ನಾವು ಎಷ್ಟೋ ಮಾತು ನುಂಗಿಕೊಳ್ಳುತ್ತೇವೆ. ಅವರು ನಿಮ್ಮನ್ನು ಪ್ರೀತಿಸಿದ್ದರು. ಅವರೇ ನಿಮ್ಮ ದಾರಿಗೆ ಅಡ್ಡ ನಿಂತರು. ಎರಡೂ ನಡೆದಿದೆ. ಅರವತ್ತರ ಹೊತ್ತಿಗೆ ಇಷ್ಟು ಹೇಳಿಕೊಳ್ಳುವ ಶಕ್ತಿ ನಿಮಗೆ ಬಂದಿದೆ, ಪತ್ರ ಓದಿದರೆ ಕಾಣುತ್ತದೆ. ಆ ಹುಡುಗಿಯನ್ನು ದಯವಿಟ್ಟು ಇನ್ನು ಬೈಯಬೇಡಿ.

ಗಾಜಿನ ವಿಷಯ. ತೇವ ಹತ್ತಿದಾಗ ಫೋಟೊದ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಒಣಗಿದ ಮೇಲೆ ಅಲ್ಲೇ ಹಿಡಿದುಕೊಳ್ಳುತ್ತದೆ. ಎಳೆದರೆ ಚಿತ್ರವೇ ಗಾಜಿನ ಮೇಲೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಬ್ಲೇಡು ಹಾಕಬೇಡಿ, ಬಿಸಿ ಮಾಡಬೇಡಿ. ನೀರಿನಲ್ಲಿ ನೆನೆಸಿ ಅಂತ ಯಾರಾದರೂ ಹೇಳಿದರೂ ನೀವಾಗಿ ಆ ಕೆಲಸಕ್ಕೆ ಹೋಗಬೇಡಿ. ತಾಯಿಯ ಸೀರೆಗೆ ಕೈಯಲ್ಲಿ ಬಣ್ಣ ಹಚ್ಚಿದ್ದಾರೆ ಅಂದಿದ್ದೀರಿ, ಆ ಬಣ್ಣ ನೀರಿಗೆ ಹೋದರೆ ಹೋಯಿತು. ಫ್ರೇಮಿನಿಂದ ಗಾಜು ಸಮೇತ ಹೊರಗೆ ತೆಗೆದು, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇರಲಿ. ಆಮೇಲೆ ಮೂಲವನ್ನು ಗಾಜು ಸಮೇತವೇ ತೇವ ಇಲ್ಲದ ಕಡೆ ಇಡಿ.

ಹಳೆಯ ಮುಖಗಳನ್ನು ಹೊಳೆಯುವ ಹಾಗೆ ಮಾಡುವ ಮೊಬೈಲ್ ಆ್ಯಪ್‌ಗಳಿವೆ. ಮಾಸಿದ ಜಾಗದಲ್ಲಿ ಅವು ತಾವೇ ಊಹಿಸಿ ಕಣ್ಣು, ತುಟಿ ತುಂಬುತ್ತವೆ. ಅಮ್ಮನ ಕಣ್ಣು ಬೇರೆ ಯಾರದ್ದೋ ಆಗುತ್ತದೆ. ಅದನ್ನೇ ದಿನಾ ನೋಡುತ್ತಾ ಹೋದರೆ ಏನಾಗಬಹುದು ಅಂತ ಬಲೂನಿನ ಕಥೆ ಆಗಲೇ ಹೇಳಿದೆಯಲ್ಲ. ಮಾಸಿದ್ದು ಮಾಸಿದ ಹಾಗೇ ಇರಲಿ. ಅಂಟಿನ ಹಾಳೆಯಿರುವ ಆಲ್ಬಮ್ಮಿಗೂ ಹಾಕಬೇಡಿ, ಆ ಅಂಟು ಫೋಟೊ ಹಾಳು ಮಾಡುತ್ತದೆ.

ಬಾಲ್ ಪೆನ್ನಿನಲ್ಲಿ ಹಿಂದೆ ಒತ್ತಿ ಬರೆದರೆ ಮುಂದಕ್ಕೆ ಗೆರೆ ಮೂಡುತ್ತದೆ. ಮೆತ್ತನೆ ಪೆನ್ಸಿಲ್ ತಗೊಳ್ಳಿ. ಕೋಟೆಯ ಫೋಟೊದ ಹಿಂದೆ ನಿಮಗೆ ನೆನಪಿರುವುದನ್ನು ಬರೆದು, ಇದು ನನ್ನ ನೆನಪು ಅಂತ ಕೆಳಗೆ ಹೆಸರು ಹಾಕಿ. ಇನ್ನರ್ಧ ಜಾಗ ಬಿಡಿ. ಅಕ್ಕನ ಉತ್ತರ ಬಂದರೆ, ಅದು ನಿಮ್ಮದಕ್ಕೆ ಪೂರ್ತಿ ಉಲ್ಟಾ ಇದ್ದರೂ, ಅವರು ಹೇಳಿದ ಹಾಗೇ ಬರೆದು ಅವರ ಹೆಸರು ಹಾಕಿ.