ಮನೆ ಖರೀದಿ: ಎಷ್ಟಕ್ಕೆ ಕೇಳಬೇಕು?

ಪ್ರಶ್ನೆ: ನೋಡಿದ ಮನೆ ಇಷ್ಟವಾಗಿದೆ, ಆದರೆ ಮಾಲೀಕರು ಹೇಳುವ ಬೆಲೆ ಹೆಚ್ಚೆನಿಸುತ್ತಿದೆ. ಎಷ್ಟಕ್ಕೆ ಕೇಳಲಿ?

ಉತ್ತರ: ‘ಶೇಕಡಾ ಇಷ್ಟು ಇಳಿಸಿ ಕೇಳಿ’ ಎಂಬ ಸೂತ್ರ ನಂಬಬೇಡಿ. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಮಾರಾಟವಾದ, ಅಳತೆ, ವಯಸ್ಸು ಹೊಂದುವ 3–4 ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ಎಂದು ವಿಚಾರಿಸಿ. ಜಾಹೀರಾತಿನ ಬೆಲೆ ಮಾರುವವರ ಆಸೆಯಷ್ಟೇ. ನಂತರ ಎಂಜಿನಿಯರ್‌ಗೆ ತಾರಸಿ, ವೈರಿಂಗ್, ಬಚ್ಚಲಿಗೆ ತಾಗಿದ ಗೋಡೆ ತೋರಿಸಿ. ಹೊಸ ಬಣ್ಣ ತೇವವನ್ನು ಮುಚ್ಚಿಡುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಉದುರಿದರೆ ಅನುಮಾನಿಸಿ. ರಿಪೇರಿಯ ಅಂದಾಜು ಪಟ್ಟಿಯನ್ನು ಬರೆಸಿಕೊಂಡು ಮಾಲೀಕರ ಮುಂದಿಡಿ. ಬರೀ ‘ಜಾಸ್ತಿಯಾಯ್ತು’ ಎನ್ನುವುದಕ್ಕಿಂತ ಅದಕ್ಕೆ ತೂಕ ಹೆಚ್ಚು. ನಿಮ್ಮ ಗರಿಷ್ಠ ಮೊತ್ತ ಬ್ರೋಕರ್‌ಗೆ ತಿಳಿಯದಿರಲಿ. ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿ.