ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಮಳೆಗಾಲ, ಗೊರಸು ಮತ್ತು ಮರಿಯ ಯೋಚನೆ

ಪ್ರಶ್ನೆ: ಮಡಿಕೇರಿಯ ಸಮೀಪ ನಮ್ಮ ಕಾಫಿ ತೋಟದಲ್ಲಿ ಆರು ವರ್ಷದ ಹೆಣ್ಣು ಕುದುರೆಯೊಂದನ್ನು ಸಾಕಿದ್ದೇವೆ. ಈ ಜುಲೈನಲ್ಲಿ ಅದು ಬೆದೆಗೆ ಬಂದಿದ್ದು, ಪರಿಚಿತರ ಗಂಡು ಕುದುರೆಯೂ ದೊರೆಯುವಂತಿದೆ. ಈಗಲೇ ಕೂಡಿಸಬಹುದೇ? ಮಳೆ ಹಿಡಿದ ಮೇಲೆ ಅದರ ಗೊರಸಿನ ಅಡಿಯಿಂದ ಕೆಟ್ಟ ವಾಸನೆ ಬರುತ್ತಿದೆ. ಲಾಯದ ನೆಲ ಒಣಗಿರಲೆಂದು ಕಾಫಿ ಸಿಪ್ಪೆ ಹಾಸುತ್ತಿದ್ದೇವೆ.
– ಓದುಗರೊಬ್ಬರು, ಕೊಡಗು

ಉತ್ತರ: ತಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತುರ್ತಾಗಿ ಸರಿಪಡಿಸಬೇಕಾದುದು ಅದೇ. ಕಾಫಿ ಸಿಪ್ಪೆಯಲ್ಲಿಯೂ ಕೆಫೀನ್ ಉಳಿದಿರುತ್ತದೆ. ಕುದುರೆ ತನ್ನ ಹಾಸನ್ನು ಮೆಲ್ಲುವ ಪ್ರಾಣಿಯಾದ್ದರಿಂದ ಅದು ಹೊಟ್ಟೆ ಸೇರಿ ಹೃದಯವನ್ನೂ ನರಗಳನ್ನೂ ಕೆರಳಿಸಬಹುದು. ಇಂದೇ ಅದನ್ನು ತೆಗೆದು ಒಣ ಭತ್ತದ ಹುಲ್ಲನ್ನು ಹಾಸಿರಿ.

ವಾಸನೆಗೆ ಕಾರಣ, ಗೊರಸಿನ ತಳದಲ್ಲಿರುವ ತ್ರಿಕೋನಾಕಾರದ ಮೆದು ಭಾಗ ಕೊಳೆಯುತ್ತಿರುವುದೇ ಇರಬೇಕು. ಗಾಳಿಯಾಡದ ಕೆಸರು, ಸಗಣಿಗಳ ನಡುವೆ ಬೆಳೆಯುವ ಸೂಕ್ಷ್ಮಜೀವಿಗಳು ಅಲ್ಲಿನ ಸೀಳುಗಳಿಗೆ ಇಳಿದು ಕಪ್ಪನೆಯ ಕೀವಿನಂಥ ದ್ರವವನ್ನು ಉಂಟುಮಾಡುತ್ತವೆ. ದಿನಕ್ಕೆ ಎರಡು ಬಾರಿ ಗೊರಸು ಕೆರೆದು ಒಣಗಿಸಿ, 6ರಿಂದ 8 ವಾರಗಳಿಗೊಮ್ಮೆ ತಿಳಿದವರಿಂದ ಗೊರಸು ಕತ್ತರಿಸಿಸಿರಿ. ಕುದುರೆ ಕುಂಟುತ್ತಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿರಿ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲವೆಂದೇ ಹೇಳಬಹುದು. ಆದ್ದರಿಂದ ಅದರ ಲಸಿಕೆ ಆಗಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿರಿ.

ಇನ್ನು ಕೂಡಿಸುವ ವಿಚಾರ. ಕುದುರೆ ಸುಮಾರು 340 ದಿನ, ಅಂದರೆ ಹನ್ನೊಂದು ತಿಂಗಳು ಗಬ್ಬ ಹೊರುತ್ತದೆ. ಈ ಜುಲೈನಲ್ಲಿ ಕೂಡಿಸಿದರೆ ಮರಿ ಹುಟ್ಟುವುದು ಮುಂದಿನ ಜೂನ್‌ನಲ್ಲಿ, ನಮ್ಮಲ್ಲಿ ಮಳೆ ಧೋ ಎಂದು ಸುರಿಯುವ ಹೊತ್ತಿನಲ್ಲಿ. ಹಸಿ ನೆಲದ ಮೇಲೆ ಬಿದ್ದ ಮರಿಗೆ ಹೊಕ್ಕುಳಿನ ಮೂಲಕ ಸೋಂಕು ತಗಲುವ ಭಯವಿದೆ. ಫೆಬ್ರುವರಿ ಅಥವಾ ಮಾರ್ಚ್‌ವರೆಗೆ ತಾಳ್ಮೆ ವಹಿಸಿರಿ ಎಂಬುದು ನನ್ನ ಖಚಿತ ಸಲಹೆ. ಆಗ ಮರಿ ಜನವರಿ, ಫೆಬ್ರುವರಿಯ ಒಣಹವೆಯಲ್ಲಿ ಹುಟ್ಟುತ್ತದೆ, ತಾಯಿಯ ಗೊರಸೂ ಅಷ್ಟರಲ್ಲಿ ವಾಸಿಯಾಗಿರುತ್ತದೆ. ಬೆದೆ ಸುಮಾರು 21 ದಿನಗಳಿಗೊಮ್ಮೆ ಬಂದು 5ರಿಂದ 7 ದಿನ ಇರುತ್ತದೆ. ಅಂಡ ಬಿಡುಗಡೆಯಾಗುವುದು ಅದರ ಕೊನೆಯ ಒಂದೆರಡು ದಿನಗಳಲ್ಲಿ. ಕೂಡಿಸಿದ ಎರಡು ವಾರಗಳ ನಂತರ ಸ್ಕ್ಯಾನಿಂಗ್ ಮಾಡಿಸುವುದನ್ನು ತಪ್ಪಿಸಬೇಡಿರಿ. ಅವಳಿ ಮರಿಗಳಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಗಬ್ಬ ನಿಲ್ಲದೆ ಎರಡನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಂತು, ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ಮಾಸು ಬೀಳದಿದ್ದರೆ, ಹಸುವಿನಲ್ಲಿ ಕಾಯುವಂತೆ ಕಾಯದೆ, ಕೈಯಿಂದಲೂ ಎಳೆಯದೆ, ಕೂಡಲೇ ವೈದ್ಯರನ್ನು ಕರೆಸಿರಿ. ಉಳಿದ ಮಾಸಿನಿಂದ ಗರ್ಭಕೋಶದಲ್ಲಿ ಹುಟ್ಟುವ ನಂಜು ಗೊರಸಿನ ಒಳಪದರಕ್ಕೂ ಏರಿ, ತಾಯಿ ಕುದುರೆಯನ್ನು ಶಾಶ್ವತವಾಗಿ ಕುಂಟಾಗಿಸಬಲ್ಲದು.